ಪಶ್ಚಿಮಕ್ಕೆ ಕನ್ಸರ್ವೆನ್ಸಿ

ದಸ್ತಾವೇಜು ಬರೆಯುವುದು ನನ್ನ ಕಸುಬು. ಜನ ಬಾಂಡ್ ರೈಟರ್ ಅನ್ನುತ್ತಾರೆ. ಕ್ರಯಪತ್ರವೋ ದಾನಪತ್ರವೋ ಭಾಗಪತ್ರವೋ, ಯಾವುದೇ ಆಗಲಿ, ಅದರ ಜೀವ ಇರುವುದು ಚಕ್ಕುಬಂದಿಯಲ್ಲಿ. ಮಿಕ್ಕದ್ದೆಲ್ಲ ಹೆಚ್ಚುಕಡಿಮೆ ಒಂದೇ ಪಾಠ. ನಿಧಿ, ನಿಕ್ಷೇಪ, ಜಲ, ಪಾಷಾಣ ಅಂತ ಅಷ್ಟಭೋಗಗಳನ್ನು ಖರೀದಿದಾರರಿಗೆ ವಹಿಸಿಕೊಡುವ ಸಾಲನ್ನು ನಿದ್ದೆಗಣ್ಣಲ್ಲೂ ಬರೆಯಬಲ್ಲೆ. ಮೂವತ್ತು ನಲವತ್ತರ ಸೈಟಿನಲ್ಲಿ ನಿಧಿ ಎಲ್ಲಿಂದ ಬರಬೇಕು ಎಂದು ಇವತ್ತಿನವರೆಗೆ ಯಾರೂ ಕೇಳಿಲ್ಲ. ಚಕ್ಕುಬಂದಿಯ ವಿಷಯ ಹಾಗಲ್ಲ. ಪೂರ್ವಕ್ಕೆ ರಸ್ತೆ, ಉತ್ತರಕ್ಕೆ ಇಂಥವರ ಮನೆ, ದಕ್ಷಿಣಕ್ಕೆ ಇಂಥವರ ನಿವೇಶನ, ಪಶ್ಚಿಮಕ್ಕೆ ಕನ್ಸರ್ವೆನ್ಸಿ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಹಳೇ ಪತ್ರಗಳಲ್ಲಿ ಯಾವುದಾದರೂ ಒಂದು ದಿಕ್ಕಿಗೆ ಈ ಮಾತು ಮತ್ತೆ ಮತ್ತೆ ಸಿಗುತ್ತದೆ.

ಇದನ್ನು ನಮ್ಮ ಕಸುಬಿನವರು ಬರೆದಿರುವ ಬಗೆಗಳನ್ನೇ ಕೂಡಿಟ್ಟರೆ ಒಂದು ಪ್ರಹಸನವಾದೀತು. ಕನ್ಸರ್ವೆನ್ಸಿ, ಕಂಜರ್ವೆನ್ಸಿ, ಕನ್ಸರ್ವೆಂಟ್ ಗಲ್ಲಿ, ಕನ್ಸರ್ವೇಶನ್ ರೋಡು. ಒಂದು ಭಾಗಪತ್ರದಲ್ಲಿ ‘ದಕ್ಷಿಣಕ್ಕೆ ಕಾನ್ವೆಂಟ್ ಓಣಿ’ ಎಂದಿತ್ತು. ಅಣ್ಣತಮ್ಮಂದಿರ ವ್ಯಾಜ್ಯ ಕೋರ್ಟಿಗೆ ಹೋದಾಗ ಆ ಸುತ್ತಿನಲ್ಲಿ ಕಾನ್ವೆಂಟ್ ಎಲ್ಲಿದೆ ಎಂದು ವಕೀಲರು ಹುಡುಕಿಸಿದರಂತೆ. ನನಗೆ ಬರವಣಿಗೆ ಕಲಿಸಿದ ಹಿರಿಯರು ಇದಕ್ಕೊಂದು ಕನ್ನಡ ಮಾತು ಹಾಕಲು ಒಪ್ಪುತ್ತಿರಲಿಲ್ಲ. “ಹಿಂಗಲ್ಲಿ ಅಂತ ಬರೆದರೆ ಅದು ಯಾರದೋ ಮನೆಯ ಹಿಂದಿನ ಗಲ್ಲಿ ಆಗಿಬಿಡುತ್ತೆ ಕಣಯ್ಯ. ಕನ್ಸರ್ವೆನ್ಸಿ ಅಂದರೆ ಮುನ್ಸಿಪಾಲ್ಟಿದು. ಅದನ್ನ ಮುಟ್ಟೋ ಹಾಗಿಲ್ಲ” ಎನ್ನುತ್ತಿದ್ದರು. ಅವರು ‘ಮುಟ್ಟೋ ಹಾಗಿಲ್ಲ’ ಎಂದದ್ದು ಕಾನೂನಿನ ಅರ್ಥದಲ್ಲಿ. ಆ ಗಲ್ಲಿಯ ಮಟ್ಟಿಗೆ ಅದಕ್ಕೆ ಇನ್ನೊಂದು ಅರ್ಥವೂ ಇತ್ತು. ನನಗೆ ಹೇಳಬೇಕಾಗಿರುವುದು ಅದನ್ನೇ.

ಇಂಗ್ಲಿಷ್ ನಿಘಂಟು ತೆಗೆದರೆ ಕನ್ಸರ್ವೆನ್ಸಿ ಅಂದರೆ ಕಾಪಾಡುವುದು, ರಕ್ಷಿಸುವುದು. ಅದಕ್ಕಾಗಿ ನೇಮಕವಾದ ಅಧಿಕಾರ. ಮೂಲ ಲ್ಯಾಟಿನ್ನಿನದು. ಆ ದೇಶದಲ್ಲಿ ಈ ಮಾತು ಬಹುಕಾಲ ನದಿಯ ಜೊತೆ ಇತ್ತು. ಥೇಮ್ಸ್ ನದಿಯ ಮೀನು, ಹಡಗಿನ ದಾರಿ, ದಡ ಇವನ್ನೆಲ್ಲ ನೋಡಿಕೊಳ್ಳುವ ಅಧಿಕಾರ ಮೊದಲು ಲಂಡನ್ನಿನ ಮೇಯರಿಗಿತ್ತು. 1857ರ ಕಾಯ್ದೆಯಿಂದ ಅದು ಥೇಮ್ಸ್ ಕನ್ಸರ್ವೆನ್ಸಿ ಎಂಬ ಮಂಡಳಿಗೆ ಹೋಯಿತು. ನದಿಯಲ್ಲಿ ಅಡಚಣೆ ಬರದಂತೆ, ಹೊಲಸು ಸೇರದಂತೆ ನೋಡಿಕೊಳ್ಳುವುದು ಆ ಮಂಡಳಿಯ ಕೆಲಸ. ಮದ್ರಾಸ್ ಪ್ರಾಂತ್ಯದವರು 1884ರಲ್ಲಿ ಮಾಡಿದ ನದಿಗಳ ಕನ್ಸರ್ವೆನ್ಸಿ ಕಾಯ್ದೆಯಲ್ಲೂ ಅರ್ಥ ಇದೇ: ದಡ ಕೊರೆಯದಂತೆ, ಪಾತ್ರ ಕಟ್ಟಿಕೊಳ್ಳದಂತೆ ಕಾಯುವುದು. 1908ರ ಬಂದರು ಕಾಯ್ದೆಯ ಪ್ರಕಾರ ಅದರ ವ್ಯಾಪ್ತಿಯ ಪ್ರತಿ ಬಂದರಿಗೂ ಒಬ್ಬ ಕನ್ಸರ್ವೇಟರ್ ಇರಬೇಕಾಗಿತ್ತು. ಕಾಡಿಗೂ ಅಷ್ಟೇ. ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಶುರುವಾದದ್ದು 1864ರಲ್ಲಿ, ಬೌರಿಂಗ್ ಸಾಹೇಬರು ಕಮಿಷನರ್ ಆಗಿದ್ದಾಗ. ಅದರ ಯಜಮಾನನೂ ಕನ್ಸರ್ವೇಟರ್. ನಾವೀಗ ಅವರನ್ನು ಅರಣ್ಯ ಸಂರಕ್ಷಣಾಧಿಕಾರಿ ಎನ್ನುತ್ತೇವೆ. ಅವರ ಕೇಂದ್ರ ಕಚೇರಿ ಅರಣ್ಯ ಭವನ ಇರುವುದು ಮಲ್ಲೇಶ್ವರದ 18ನೇ ಕ್ರಾಸಿನಲ್ಲಿ.

ಅಲ್ಲಿಂದ ಸಂಪಿಗೆ ರಸ್ತೆ ಹಿಡಿದು ನಡೆದು ಬನ್ನಿ. ಸಂಪಿಗೆ ರಸ್ತೆಗೂ ಮಾರ್ಗೋಸಾ ರಸ್ತೆಗೂ ನಡುವೆ, ಮನೆಗಳ ಬೆನ್ನಿಗೆ, ಕನ್ಸರ್ವೆನ್ಸಿಗಳು ಸಿಗುತ್ತವೆ. ಕಾಡು ಕಾಯುವ ಸಾಹೇಬರದ್ದು ಅದೇ ಮಾತು, ಕಕ್ಕಸು ಬಳಿಯುತ್ತಿದ್ದವರದ್ದೂ ಅದೇ ಮಾತು. ಒಂದೇ ಬಡಾವಣೆ. ಒಬ್ಬರಿಗೆ ‘ಸಂರಕ್ಷಣೆ’ ಎಂಬ ಗೌರವದ ಸಂಸ್ಕೃತ ಸಿಕ್ಕಿತು. ಇನ್ನೊಬ್ಬರ ಪಾಲಿಗೆ ಇಂಗ್ಲಿಷೇ ಉಳಿಯಿತು, ಯಾಕೆಂದರೆ ಆ ಕೆಲಸಕ್ಕೆ ಕನ್ನಡದಲ್ಲಿದ್ದ ಮಾತುಗಳನ್ನು ಪತ್ರದಲ್ಲಿ ಬರೆಯಲು ಯಾರಿಗೂ ಕೈ ಬರಲಿಲ್ಲ.

ಕಾಪಾಡುವ ಮಾತು ಬಳಿಯುವ ಕೆಲಸಕ್ಕೆ ಬಂದದ್ದು ಈ ದೇಶದಲ್ಲಿ, ಅದರಲ್ಲೂ ದಂಡಿನಲ್ಲಿ. 1857ರ ದಂಗೆಯ ನಂತರ ಹಿಂದೂಸ್ಥಾನದಲ್ಲಿ ಬಿಳಿ ಸಿಪಾಯಿಗಳ ಸಂಖ್ಯೆ ಹೆಚ್ಚಿಸಿದ ಸರ್ಕಾರಕ್ಕೆ ಅವರು ಗುಂಡಿಗಿಂತ ಹೆಚ್ಚಾಗಿ ಭೇದಿ, ಕಾಲರಾ, ಜ್ವರದಿಂದ ಸಾಯುತ್ತಿರುವುದು ಲೆಕ್ಕಕ್ಕೆ ಬಂತು. 1863ರಲ್ಲಿ ರಾಯಲ್ ಕಮಿಷನ್ ಕೊಟ್ಟ ವರದಿಯ ಪ್ರಕಾರ ವರ್ಷಕ್ಕೆ ಸಾವಿರಕ್ಕೆ 69 ಸಾವು. ಫ್ಲಾರೆನ್ಸ್ ನೈಟಿಂಗೇಲ್ ಲಂಡನ್ನಿನಲ್ಲಿ ಕೂತೇ ದಂಡುಗಳಿಂದ ಬಂದ ಉತ್ತರಗಳನ್ನೆಲ್ಲ ಓದಿ ಸರ್ಕಾರದ ಬೆವರಿಳಿಸಿದಳು. ಅಲ್ಲಿಂದ ಮುಂದೆ ದಂಡಿನ ಕಡತಗಳಲ್ಲಿ ಕನ್ಸರ್ವೆನ್ಸಿ ಎಂಬ ಮಾತೇ ಮಾತು. ಕನ್ಸರ್ವೆನ್ಸಿ ಸಿಬ್ಬಂದಿ, ಕನ್ಸರ್ವೆನ್ಸಿ ಗಾಡಿ, ಕನ್ಸರ್ವೆನ್ಸಿ ತೆರಿಗೆ. ಹೆನ್ರಿ ಮೌಲ್ ಎಂಬ ಪಾದ್ರಿ 1860ರಲ್ಲಿ ಒಣಮಣ್ಣಿನ ಕಕ್ಕಸಿಗೆ ಪೇಟೆಂಟ್ ಮಾಡಿಸಿದ್ದ. ನೀರಿಲ್ಲದೆ, ಮಣ್ಣು ಮುಚ್ಚಿ ಸಾಗಿಸುವ ಆ ಪದ್ಧತಿ ಇಲ್ಲಿನ ಜೈಲು, ಬ್ಯಾರಕ್ಕುಗಳಿಗೆ ಹಿಡಿಸಿತು. ನದಿಯಿಂದ ಹೊಲಸನ್ನು ದೂರವಿಡುವ ಅಧಿಕಾರದ ಹೆಸರು ಬೀದಿಯಿಂದ ಹೊಲಸನ್ನು ದೂರ ಒಯ್ಯುವ ಕೆಲಸಕ್ಕೆ ಅಂಟಿಕೊಂಡದ್ದು ಹೀಗೇ ಇರಬೇಕು. ಹೇಳಲು ಮುಜುಗರವಾಗುವ ಕೆಲಸಕ್ಕೆ ಮರ್ಯಾದಸ್ಥ ಹೆಸರು ಬೇಕಾಗಿತ್ತು, ಹತ್ತಿರದಲ್ಲೇ ಒಂದು ಸಿಕ್ಕಿತು.

ಬೆಂಗಳೂರಿಗೆ 1862ರಲ್ಲಿ ಎರಡು ಮುನ್ಸಿಪಾಲಿಟಿಗಳು ಬಂದವು, ಪೇಟೆಗೊಂದು, ದಂಡಿಗೊಂದು. ದಂಡಿನ ಮಾತು ಪೇಟೆಗೆ ದಾಟಲು ಹೆಚ್ಚು ದಿನ ಬೇಕಾಗಲಿಲ್ಲ. ಆದರೆ ಅದು ನೆಲದ ಮೇಲೆ ಗೆರೆಯಾದದ್ದು ಹೊಸ ಬಡಾವಣೆಗಳಲ್ಲಿ. ಚಾಮರಾಜಪೇಟೆ 1892ರದ್ದು, ಚಾಮರಾಜೇಂದ್ರ ಒಡೆಯರ ಹೆಸರಿನದು. ಬಸವನಗುಡಿ, ಮಲ್ಲೇಶ್ವರಗಳ ನಕ್ಷೆಯೂ ಅದೇ ದಶಕದ್ದು, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲ. ಪ್ಲೇಗ್ ಬಂದದ್ದರಿಂದ ಈ ಬಡಾವಣೆಗಳು ಹುಟ್ಟಿದವು ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಗೆರೆ ಎಳೆದದ್ದು ಪ್ಲೇಗಿಗೆ ಮುಂಚೆ. ಪೇಟೆ ಬಿಟ್ಟು ಹೊಲಗದ್ದೆಗಳ ನಡುವೆ ಹೋಗಿ ಯಾರು ಇರುತ್ತಾರೆ ಎಂದು ಜನ ಹಿಂದೆ ಮುಂದೆ ನೋಡುತ್ತಿದ್ದಾಗ, 1898ರ ಪ್ಲೇಗ್ ಅವರನ್ನು ಕುತ್ತಿಗೆ ಹಿಡಿದು ದಬ್ಬಿತು. ಆಗ ಪ್ಲೇಗ್ ಕಮಿಷನರ್ ಆಗಿದ್ದವರು ವಿ.ಪಿ. ಮಾಧವರಾಯರು, ಮುಂದೆ ದಿವಾನರಾದವರು. ಇಲಿಯ ಮೈಮೇಲಿನ ಚಿಗಟ ಪ್ಲೇಗ್ ಹರಡುತ್ತದೆ ಎಂದು ಸಿಮಾಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಕಂಡುಕೊಂಡದ್ದೂ ಅದೇ 1898ರಲ್ಲೇ. ನಮ್ಮ ನಕ್ಷೆ ಬರೆದವರಿಗೆ ಅದು ಗೊತ್ತಿರಲು ಸಾಧ್ಯವಿರಲಿಲ್ಲ. ಅವರ ಕಾಲದ ನಂಬಿಕೆ ಕೆಟ್ಟ ಗಾಳಿಯಿಂದ ರೋಗ ಎಂಬುದು. ಆದ್ದರಿಂದ ಅಗಲವಾದ ರಸ್ತೆ, ಮನೆ ಸುತ್ತ ಗಾಳಿಗೆ ಜಾಗ, ಹಿಂದುಗಡೆ ಗಲ್ಲಿ.

ಗಲ್ಲಿಗೆ ಇನ್ನೊಂದು ಕಾರಣವೂ ಇತ್ತು. 1896ರಲ್ಲಿ ಹೆಸರಘಟ್ಟದ ಕೆರೆಯಿಂದ ಕೊಳಾಯಿ ನೀರು ಬಂತು. ಒಳಚರಂಡಿ ಬರಲಿಲ್ಲ. ಅದು ಶುರುವಾದದ್ದು 1920ರ ದಶಕದಲ್ಲಿ, ಎಲ್ಲ ಕಡೆ ಹರಡಲು ಮತ್ತೂ ದಶಕಗಳು ಬೇಕಾದವು. ಈ ನಡುವಿನ ಕಾಲದಲ್ಲಿ ಬಸವನಗುಡಿಯ ಮನೆಯಲ್ಲಿ ಅಡುಗೆಮನೆಗೆ ಕಾವೇರಿಯಲ್ಲದಿದ್ದರೂ ಅರ್ಕಾವತಿ ಬಂದಿತ್ತು, ಕಕ್ಕಸಿಗೆ ಮಾತ್ರ ಮನುಷ್ಯರೇ ಬರಬೇಕಾಗಿತ್ತು. ಕಕ್ಕಸು ಎಂಬುದು ಡಚ್ಚರ ಮಾತು ಎಂದು ತಿಳಿದವರು ಹೇಳುತ್ತಾರೆ. ಈ ವಿಷಯದಲ್ಲಿ ನಾವು ಯಾವ ದೇಶದವರ ಮಾತನ್ನಾದರೂ ಸಾಲ ತರುತ್ತೇವೆ, ನಮ್ಮದನ್ನು ಆಡುವುದಿಲ್ಲ.

ಹಳೇ ಮನೆಯ ಅಳತೆ ತೆಗೆಯಲು ಹೋದಾಗ ನಾನು ಮೊದಲು ನೋಡುವುದು ಹಿತ್ತಲ ಗೋಡೆ. ಮುಂದೆ ಜಗಲಿ, ಹಜಾರ, ನಡುಮನೆ, ದೇವರಮನೆ, ಅಡುಗೆಮನೆ, ಆಮೇಲೆ ಬಚ್ಚಲು, ಬಾವಿ, ಬಟ್ಟೆ ಒಗೆಯುವ ಕಲ್ಲು, ನಾಲ್ಕು ತೆಂಗಿನಮರ, ಒಂದು ಸೀಬೆ ಅಥವಾ ನುಗ್ಗೆ. ಇದೆಲ್ಲ ದಾಟಿದ ಮೇಲೆ, ಸೈಟು ಮುಗಿಯುವ ಕಡೆ, ಗಲ್ಲಿಗೆ ಬೆನ್ನು ಮಾಡಿಕೊಂಡು ಕಕ್ಕಸು. ಮನೆಯವರು ಕೂರುವುದು ಎತ್ತರದ ಕಲ್ಲುಚಪ್ಪಡಿಯ ಮೇಲೆ. ಕೆಳಗೆ ತಗಡಿನ ಡಬ್ಬ ಇಲ್ಲವೇ ಬರೀ ಗಾರೆ ನೆಲ. ಅದರ ಬಾಯಿ ಗಲ್ಲಿಯ ಕಡೆಗೆ, ನೆಲಮಟ್ಟದಲ್ಲಿ, ಒಂದೂವರೆ ಅಡಿ ಚೌಕದ ಕಿಂಡಿ. ಅದಕ್ಕೊಂದು ಮರದ ಹಲಗೆ ಅಥವಾ ತಗಡಿನ ಮುಚ್ಚಳ, ಮೇಲಿನಿಂದ ಕೀಲು. ಈಗ ಆ ಕಿಂಡಿಗಳನ್ನೆಲ್ಲ ಇಟ್ಟಿಗೆ ಇಟ್ಟು ಮುಚ್ಚಿದ್ದಾರೆ. ಆದರೂ ಸುಣ್ಣ ಉದುರಿದ ಕಡೆ ಕಣ್ಣಿಗೆ ಬೀಳುತ್ತವೆ: ಸುತ್ತಲ ಗೋಡೆ ಹಳೇ ಸುಟ್ಟ ಇಟ್ಟಿಗೆಯದು, ಗಾರೆಯದು, ನಡುವಿನ ತುಂಡು ಮಾತ್ರ ಸಿಮೆಂಟಿನದು. ಕೆಲವು ಕಡೆ ಕೆಳಗಿನ ಕಲ್ಲಿನ ಹೊಸ್ತಿಲು ಹಾಗೇ ಇದೆ. ಬುಟ್ಟಿ ಎಳೆದೂ ಎಳೆದೂ ಅದರ ಅಂಚು ನುಣ್ಣಗಾಗಿದೆ.

ಆ ಕಿಂಡಿಗಳ ಕಾಲವನ್ನು ಕಂಡ ಒಬ್ಬ ಹೆಂಗಸನ್ನು ನಾನು ಮಾತಾಡಿಸಿದ್ದೇನೆ. ಪಾಲಿಕೆಯಿಂದ ನಿವೃತ್ತಿಯಾದವರು. ಮನೆಮಾತು ತೆಲುಗು, ನನ್ನ ಜೊತೆ ಕನ್ನಡ. ಅವರ ಅತ್ತೆಯ ಜೊತೆ ಸಣ್ಣವಯಸ್ಸಿನಲ್ಲಿ ಗಲ್ಲಿಗೆ ಹೋಗುತ್ತಿದ್ದರಂತೆ.

“ನಮ್ಮನ್ನ ಹೆಸರು ಹಿಡಿದು ಯಾರು ಕರೀತಿದ್ರು ಸ್ವಾಮಿ? ಕಂಜರ್ವೆನ್ಸಿಯೋಳು ಬಂದ್ಲು, ನೀರು ಹಾಕಿ ಅಂತ ಒಳಗಡೆಯಿಂದ ಕೂಗೋರು. ಮೇಲಿಂದ ಅಮ್ಮನೋರು ನೀರು ಸುರೀತಿದ್ರು, ಕೆಳಗೆ ನಾವು ಬಳೀತಿದ್ವಿ. ಅವರ ಮುಖ ನಾವು ನೋಡಿಲ್ಲ, ನಮ್ಮ ಮುಖ ಅವರು ನೋಡಿಲ್ಲ.”

“ಮುಂಬಾಗಿಲಿಗೆ ಹೋಗ್ತಾ ಇರಲಿಲ್ವಾ?”

“ಹಬ್ಬದ ಇನಾಮಿಗೆ ಹೋಗ್ತಿದ್ವಿ. ಗೇಟಿನ ಹೊರಗೆ ನಿಂತ್ಕೊಂಡು. ಆವಾಗ ನಾವು ಯಾರು ಅಂತ ಹೇಳಬೇಕಿತ್ತು, ಅವರಿಗೆ ಗುರುತು ಸಿಕ್ತಿರಲಿಲ್ಲ.”

ಒಂದು ಹಿಡಿ ಬೂದಿ, ಒಂದು ಮೋಟು ಪೊರಕೆ, ಬಳಿಯಲು ಬಾಗಿಸಿದ ತಗಡು, ಬಿದಿರಿನ ಬುಟ್ಟಿ. ಅವರು ಹೇಳಿದ ಸಾಮಾನು ಇಷ್ಟೇ. ಮಳೆಗಾಲದಲ್ಲಿ ಬುಟ್ಟಿ ಸೋರುತ್ತಿತ್ತು ಎಂದರು. ಎಲ್ಲಿಗೆ ಸೋರುತ್ತಿತ್ತು ಎಂದು ನಾನು ಕೇಳಲಿಲ್ಲ, ಅವರೇ ಕೈಯಿಂದ ಭುಜ ತೋರಿಸಿದರು. ಗಲ್ಲಿಯ ಕೊನೆಗೆ ಎತ್ತಿನ ಗಾಡಿ ಬಂದು ನಿಲ್ಲುತ್ತಿತ್ತು. ಅದನ್ನು ಊರೆಲ್ಲ ಹೇಲುಗಾಡಿ ಎನ್ನುತ್ತಿತ್ತು. ಕಾಗದದಲ್ಲಿ ಮಾತ್ರ ಅದೂ ಕನ್ಸರ್ವೆನ್ಸಿ.

ಈಗ ಹೇಳಿ, ಈ ಗಲ್ಲಿ ಕಾಪಾಡಿದ್ದು ಏನನ್ನು? ಆರೋಗ್ಯವನ್ನು ಎಂದು ಪುಸ್ತಕದವರು ಬರೆಯುತ್ತಾರೆ. ತಕ್ಕಮಟ್ಟಿಗೆ ನಿಜವೂ ಹೌದು. ನನ್ನ ತೀರ್ಪು ಬೇರೆ. ಅದು ಕಾಪಾಡಿದ್ದು ಮನೆಯ ಮುಂಭಾಗವನ್ನು ಮತ್ತು ಮಡಿಯನ್ನು. ಹಳ್ಳಿಯಲ್ಲಿ ತೋಟಿ ಎಂಬವನಿದ್ದ. ಆಯಗಾರರ ಪೈಕಿ ಒಬ್ಬ, ಊರಿನ ಗಡಿ, ಬೆಳೆ ಗೊತ್ತಿದ್ದವನು. ಅವನಿಗೆ ಕೇರಿ ಬೇರೆಯಾದರೂ ಊರಿನವರಿಗೆ ಅವನ ಹೆಸರು, ಅವನ ಅಪ್ಪನ ಹೆಸರು ಗೊತ್ತಿರುತ್ತಿತ್ತು, ಕಣದಲ್ಲಿ ಅವನಿಗೆ ಪಾಲಿರುತ್ತಿತ್ತು. ಪಟ್ಟಣಕ್ಕೆ ಬರುವಷ್ಟರಲ್ಲಿ ತೋಟಿ ಎಂದರೆ ಕಕ್ಕಸು ಬಳಿಯುವವ ಎಂದಷ್ಟೇ ಆಯಿತು. ಹಳ್ಳಿಯ ಅಸ್ಪೃಶ್ಯತೆ ಸಾಲದೆಂಬಂತೆ ಪಟ್ಟಣದ ಇಂಜಿನಿಯರು ಅದಕ್ಕೆ ಹತ್ತು ಹನ್ನೆರಡು ಅಡಿ ಅಗಲದ ಒಂದು ಪ್ರತ್ಯೇಕ ದಾರಿ ಹಾಕಿಕೊಟ್ಟ. ಒಬ್ಬ ಮನುಷ್ಯ ದಿನಾ ನಿಮ್ಮ ಮನೆಗೆ ಬಂದು ಹೋದರೂ ಒಮ್ಮೆಯೂ ನಿಮ್ಮ ಕಣ್ಣಿಗೆ ಬೀಳದಂತೆ ಮಾಡುವ ದಾರಿ. ಪೇಟೆಯ ಇಕ್ಕಟ್ಟಿನ ಸಂದಿಗಳಲ್ಲಿ ಇದು ಸಾಧ್ಯವಿರಲಿಲ್ಲ, ಎದುರುಬದುರಾಗಲೇಬೇಕಿತ್ತು. ಬಸವನಗುಡಿಯನ್ನು ಹೊಗಳಿ ಬರೆದವರು ಅದರ ನೇರ ರಸ್ತೆಗಳನ್ನು, ಮರಗಳನ್ನು, ಪಂಡಿತರನ್ನು ಹೊಗಳಿದ್ದಾರೆ. ಹೊಗಳಲಿ. ನಾನೂ ಅದೇ ಮರದ ನೆರಳಲ್ಲಿ ಮೇಜು ಹಾಕಿಕೊಂಡು ಅನ್ನ ಸಂಪಾದಿಸಿದವನು. ಆದರೆ ಆ ನಕ್ಷೆಯಲ್ಲಿ ಅರ್ಧದಷ್ಟು ಬುದ್ಧಿ ಖರ್ಚಾಗಿರುವುದು ಹಿಂದಿನ ಗಲ್ಲಿಗೆ.

ಹೇಲುಗಾಡಿ ಎಲ್ಲಿಗೆ ಹೋಗುತ್ತಿತ್ತು ಎನ್ನುವುದೂ ಬೆಂಗಳೂರಿನ ಚರಿತ್ರೆಯೇ. ಊರಾಚೆ ಗುಂಡಿಗಳಿಗೆ. ಮಲ್ಲೇಶ್ವರದ ಪಕ್ಕದ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಈ ಹೊಲಸಿನ ಬಗ್ಗೆ ತಲೆ ಕೆಡಿಸಿಕೊಂಡ ದೊಡ್ಡ ವಿಜ್ಞಾನಿಗಳಿದ್ದರು. ಚರಂಡಿ ನೀರು ಶುದ್ಧಿ ಮಾಡುವ ವಿದ್ಯೆಯಲ್ಲಿ ಜಗತ್ತಿಗೇ ಹೆಸರಾದ ಗಿಲ್ಬರ್ಟ್ ಫೌಲರ್ ಇಲ್ಲಿ ಪ್ರೊಫೆಸರ್ ಆಗಿದ್ದರು. ಆಮೇಲೆ ಸಿ.ಎನ್. ಆಚಾರ್ಯ ಎಂಬವರು 1939ರ ಹೊತ್ತಿಗೆ ಒಂದು ಗೊಬ್ಬರದ ಕ್ರಮ ರೂಪಿಸಿದರು. ಮೂರಡಿ ಆಳದ ಕಂದಕ ತೋಡುವುದು. ತಳಕ್ಕೆ ಆರಂಗುಲ ಬೀದಿ ಕಸ, ಅದರ ಮೇಲೆ ಎರಡಂಗುಲ ಮಲ, ಮತ್ತೆ ಆರಂಗುಲ ಕಸ, ಮತ್ತೆ ಎರಡಂಗುಲ ಮಲ. ನೆಲಮಟ್ಟಕ್ಕಿಂತ ಒಂದಡಿ ಮೇಲಕ್ಕೆ ಬಂದ ಮೇಲೆ ತೋಡಿದ ಮಣ್ಣನ್ನೇ ಮೇಲೆ ಎಳೆದು ಮುಚ್ಚುವುದು. ಒಂದು ವಾರದೊಳಗೆ ಒಳಗಿನ ಶಾಖ 60 ಡಿಗ್ರಿ ದಾಟುತ್ತದೆ, ಎರಡು ಮೂರು ವಾರ ಹಾಗೇ ನಿಲ್ಲುತ್ತದೆ. ರೋಗದ ಹುಳ, ಮೊಟ್ಟೆ ಎಲ್ಲ ಅದರಲ್ಲೇ ಸಾಯುತ್ತವೆ. ನಾಲ್ಕರಿಂದ ಆರು ತಿಂಗಳಿಗೆ ವಾಸನೆಯಿಲ್ಲದ ಕಪ್ಪು ಗೊಬ್ಬರ. ಡಾಕ್ಟರಿ ಓದುವ ಹುಡುಗರು ಇವತ್ತಿಗೂ ತಮ್ಮ ಪಠ್ಯದಲ್ಲಿ ಇದನ್ನು ‘ಬೆಂಗಳೂರು ವಿಧಾನ’ ಎಂದೇ ಓದುತ್ತಾರೆ. ಮಸಾಲೆದೋಸೆಗೂ ಕಂಪ್ಯೂಟರಿಗೂ ಮುಂಚೆ ಬೆಂಗಳೂರಿನ ಹೆಸರು ಜಗತ್ತಿಗೆ ಹೋದದ್ದು ಈ ದಾರಿಯಲ್ಲಿ ಎಂದರೆ ನಮ್ಮವರಿಗೆ ಬೇಸರವಾದೀತು. ನನಗಂತೂ ಇಷ್ಟೆಲ್ಲ ಇತಿಹಾಸದಲ್ಲಿ ಕನ್ಸರ್ವೆನ್ಸಿ ಎಂಬ ಮಾತು ಪ್ರಾಮಾಣಿಕವಾಗಿ ಹೊಂದಿದ್ದು ಆ ಕಂದಕಕ್ಕೊಂದಕ್ಕೇ ಅನ್ನಿಸುತ್ತದೆ. ಅಲ್ಲಿ ನಿಜವಾಗಿ ಏನೋ ಒಂದು ಹಾಳಾಗದೆ ಉಳಿಯಿತು, ಹೊಲಕ್ಕೆ ಹೋಯಿತು. ಅದನ್ನು ಅಲ್ಲಿಯವರೆಗೆ ಹೊತ್ತವರ ಸ್ಥಿತಿಯನ್ನು ಆ ವಿಧಾನ ಬದಲಿಸಲಿಲ್ಲ.

ಬದಲಿಸಿದ್ದು ಕೊಳವೆ, ಮತ್ತೆ ಕಾನೂನು. ಒಳಚರಂಡಿ ಬಂದ ಕಡೆಯಲ್ಲೆಲ್ಲ ಕಿಂಡಿ ಮುಚ್ಚಿದವು. ಎರಡು ಮುನ್ಸಿಪಾಲಿಟಿಗಳು 1949ರಲ್ಲಿ ಸೇರಿ ಕಾರ್ಪೊರೇಷನ್ ಆಯಿತು, 1964ರಲ್ಲಿ ಜಲಮಂಡಳಿ ಬಂತು. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ಕನ್ನಡ ಸಾಹಿತ್ಯವನ್ನು ಬೂಸಾ ಎಂದ ಮಾತಿಗಾಗಿ ಅವರನ್ನು ನೆನೆಯುವವರು ಸಾಕಷ್ಟಿದ್ದಾರೆ, ಇದಕ್ಕಾಗಿ ನೆನೆಯುವವರು ಕಡಿಮೆ. 1976ರಲ್ಲಿ ಐ.ಪಿ.ಡಿ. ಸಾಲಪ್ಪನವರ ವರದಿ 500 ಜನಕ್ಕೆ ಒಬ್ಬ ಪೌರಕಾರ್ಮಿಕ ಬೇಕು ಎಂದಿತು. ಪೌರಕಾರ್ಮಿಕ! ನಾನು ನೋಡಿದ ಹಾಗೆ ಸರ್ಕಾರ ಟಂಕಿಸಿದ ಮಾತುಗಳಲ್ಲಿ ಜನರ ಬಾಯಿಗೂ ಬಂದು, ಯಾರಿಗೆ ಅನ್ವಯಿಸುತ್ತದೋ ಅವರೂ ಹೆಮ್ಮೆಯಿಂದ ಹೇಳಿಕೊಳ್ಳುವ ಮಾತು ಇದೊಂದೇ. ಈಗ ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ. ಆ ನಿವೃತ್ತ ಹೆಂಗಸು ತಮ್ಮ ಗುರುತಿನ ಚೀಟಿಯನ್ನು ನನಗೆ ತೋರಿಸಿ, “ಇದರಲ್ಲಿ ಹೆಸರಿದೆ ನೋಡಿ” ಎಂದರು.

ಕಾಗದದವನಾದ ನಾನು ಒಂದು ಕಾಗದದ ವಿಷಯ ಹೇಳಲೇಬೇಕು. ಕನ್ಸರ್ವೆನ್ಸಿ ಎಂಬ ಮಾತು ನಮ್ಮ ಸಂವಿಧಾನದಲ್ಲಿದೆ. 74ನೇ ತಿದ್ದುಪಡಿಯ ಮೂಲಕ ಬಂದ ಹನ್ನೆರಡನೇ ಅನುಸೂಚಿಯಲ್ಲಿ ನಗರಸಭೆಗಳ ಕೆಲಸಗಳ ಪಟ್ಟಿ ಇದೆ. ಅದರ ಆರನೇ ಬಾಬು: ಪಬ್ಲಿಕ್ ಹೆಲ್ತ್, ಸ್ಯಾನಿಟೇಶನ್ ಕನ್ಸರ್ವೆನ್ಸಿ ಅಂಡ್ ಸಾಲಿಡ್ ವೇಸ್ಟ್ ಮ್ಯಾನೇಜ್‌ಮೆಂಟ್. ಸ್ಯಾನಿಟೇಶನ್ ಮತ್ತು ಕನ್ಸರ್ವೆನ್ಸಿ ನಡುವೆ ಅಲ್ಪವಿರಾಮ ಇಲ್ಲ. ಬಿಟ್ಟುಹೋಯಿತೋ ಬೇಕೆಂದೇ ಬಿಟ್ಟರೋ ಬರೆದವರೇ ಬಲ್ಲರು. ಚಕ್ಕುಬಂದಿಯಲ್ಲಿ ಒಂದು ಅಲ್ಪವಿರಾಮ ಬಿಟ್ಟರೆ ಎರಡು ತಲೆಮಾರು ಕೋರ್ಟಿಗೆ ಅಲೆಯಬೇಕಾಗುತ್ತದೆ, ಆದ್ದರಿಂದ ಕಣ್ಣು ಅಲ್ಲಿಗೇ ಹೋಯಿತು. ಆ ತಿದ್ದುಪಡಿ ಜಾರಿಗೆ ಬಂದದ್ದು 1993ರ ಜೂನ್‌ನಲ್ಲಿ. ಮಲ ಬಳಿಯುವ ಕೆಲಸಕ್ಕೆ ಜನರನ್ನು ನೇಮಿಸುವುದನ್ನು ನಿಷೇಧಿಸುವ ಕೇಂದ್ರದ ಕಾಯ್ದೆಗೆ ಅಂಕಿತ ಬಿದ್ದದ್ದೂ ಅದೇ ತಿಂಗಳು. ಒಂದು ಕೈ ಮಾತನ್ನು ಸಂವಿಧಾನಕ್ಕೆ ಸೇರಿಸುತ್ತಿದ್ದಾಗ ಇನ್ನೊಂದು ಕೈ ಆ ಮಾತಿನ ಹಳೇ ಅರ್ಥವನ್ನು ಅಪರಾಧವೆಂದು ಬರೆಯುತ್ತಿತ್ತು. ಕಾಯ್ದೆ ಬಂದರೂ ಕೆಲಸ ನಿಲ್ಲಲಿಲ್ಲ ಎನ್ನಲು ಸವಣೂರಿಗೆ ಹೋಗಬೇಕು. 2010ರಲ್ಲಿ ಅಲ್ಲಿಯ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ನಿಂತಾಗಲೇ ರಾಜ್ಯಕ್ಕೆ ಅವರಿರುವುದು ತಿಳಿದದ್ದು. 2013ರಲ್ಲಿ ಇನ್ನೊಂದು, ಇನ್ನೂ ಬಿಗಿಯಾದ ಕಾಯ್ದೆ ಬಂತು.

ಬೆಂಗಳೂರಿನ ಗಲ್ಲಿಗಳ ಕಥೆಗೆ ಬರೋಣ. ಕೆಲಸ ತಪ್ಪಿದ ಮೇಲೆ ಅವು ಯಾರದ್ದೂ ಅಲ್ಲದ ಜಾಗಗಳಾದವು. ಈ ಊರಲ್ಲಿ ಯಾರದ್ದೂ ಅಲ್ಲದ ಜಾಗ ಎಷ್ಟು ದಿನ ಹಾಗೇ ಇದ್ದೀತು! ಗಾಂಧಿಬಜಾರಿನ ಹಿಂದೆ, ಚಾಮರಾಜಪೇಟೆಯ ಮೇನುಗಳ ನಡುವೆ, ಎಲ್ಲೆಲ್ಲೂ ಒಂದೇ ಕಥೆ. ಮೊದಲು ಒಂದು ತಗಡಿನ ಶೀಟು, ಆಮೇಲೆ ಸ್ಕೂಟರು, ಆಮೇಲೆ ಡೀಸೆಲ್ ಜನರೇಟರು, ಹೋಟೆಲಿನ ಹೊಗೆ ಕೊಳವೆ, ಗ್ಯಾಸ್ ಸಿಲಿಂಡರು, ಕೊನೆಗೆ ಗೋಡೆ. ಮುಂದಿನ ರಸ್ತೆಗಳಿಗೆ ಹೆಸರಿನ ಮೇಲೆ ಹೆಸರು ಬಂತು. ಆಲ್ಬರ್ಟ್ ವಿಕ್ಟರ್ ರಸ್ತೆ ಆಲೂರು ವೆಂಕಟರಾಯರ ರಸ್ತೆಯಾಯಿತು, ನಾಗಸಂದ್ರ ರಸ್ತೆ ಡಿ.ವಿ.ಜಿ. ರಸ್ತೆಯಾಯಿತು. ಹಿಂದಿನ ಗಲ್ಲಿಗೆ ಯಾರ ಹೆಸರೂ ಇಟ್ಟದ್ದನ್ನು ನಾನು ಕಂಡಿಲ್ಲ. ಅಲ್ಲಿ ಜೀವ ತೇದವರಲ್ಲಿ ಒಬ್ಬರ ಹೆಸರಾದರೂ ಒಂದು ಫಲಕಕ್ಕೆ ಏರಬಹುದಿತ್ತು.

ಮಲ್ಲೇಶ್ವರದಲ್ಲಿ ಇತ್ತೀಚೆಗೆ ಕೆಲವು ಗಲ್ಲಿಗಳನ್ನು ಚೊಕ್ಕಟ ಮಾಡಿ, ಗೋಡೆಗೆ ಬಣ್ಣ ಬಳಿದು, ಚಿತ್ರ ಬರೆದು, ನಡೆಯುವವರಿಗೆ ದಾರಿ ಮಾಡಿದ್ದಾರೆ. ಒಳ್ಳೆಯ ಕೆಲಸ. ಸಂಪಿಗೆ ರಸ್ತೆಯ ನೂಕುನುಗ್ಗಲಿನಿಂದ ತಪ್ಪಿಸಿಕೊಂಡು ಮುದುಕರು, ಮಕ್ಕಳು ಅಲ್ಲಿ ಓಡಾಡುವುದು ನೋಡಿದರೆ ಸಂತೋಷವಾಗುತ್ತದೆ. ಚಿತ್ರಗಳಲ್ಲಿ ಹೂವು, ಹಕ್ಕಿ, ಹಳೇ ಮನೆಗಳು ಕಂಡವು. ಬುಟ್ಟಿ ಹೊತ್ತವಳ ಚಿತ್ರ ನನ್ನ ಕಣ್ಣಿಗೆ ಬೀಳಲಿಲ್ಲ.

ನನ್ನ ಹತ್ತಿರ ಬರುವ ಕಕ್ಷಿಗಾರರಲ್ಲಿ ಒಂದು ಕೋರಿಕೆ ಮಾಮೂಲು. “ಸ್ವಾಮಿ, ಹಿಂದೆ ಕನ್ಸರ್ವೆನ್ಸಿ ಅಂತಿದೆಯಲ್ಲ, ಅದನ್ನ ಬಿಟ್ಟು, ಆಚೆಯವರ ಮನೆ ಅಂತ ಹಾಕಿಬಿಡಿ. ಹೇಗಿದ್ದರೂ ಈಗ ಅಲ್ಲಿ ನಮ್ಮ ಸ್ಟೋರ್ ರೂಮ್ ಇದೆ. ಅಳತೆಯೂ ಸ್ವಲ್ಪ ಹೊಂದಿಸಿಕೊಳ್ಳಿ.” ಒಬ್ಬರು ದಾಕ್ಷಿಣ್ಯಕ್ಕೆ ಹೋಳಿಗೆ ಡಬ್ಬವನ್ನೂ ತಂದಿದ್ದರು. ಹೋಳಿಗೆ ತಿಂದೆ, ಚಕ್ಕುಬಂದಿ ಬದಲಿಸಲಿಲ್ಲ. ಮೂಲಪತ್ರದಲ್ಲಿ ಇದ್ದದ್ದು ಹೊಸ ಪತ್ರದಲ್ಲೂ ಇರಬೇಕು. ಅವರು ಬೇರೆ ಕಡೆ ಬರೆಸಿಕೊಂಡಿರಲೂಬಹುದು.

ಇದು ಬರೀ ಸರ್ಕಾರಿ ಜಾಗದ ಪ್ರಶ್ನೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಹಳೇ ಬಡಾವಣೆಗಳಲ್ಲಿ ಎಷ್ಟೋ ಮನೆಗಳ ಒಳಚರಂಡಿ ಸಂಪರ್ಕ ಇರುವುದು ಮುಂದಿನ ರಸ್ತೆಗಲ್ಲ, ಹಿಂದಿನ ಗಲ್ಲಿಗೆ. ಕಕ್ಕಸು ಇದ್ದ ಕಡೆಯಲ್ಲೇ ಕೊಳವೆ ಹಾಕುವುದು ಸುಲಭವಾಗಿತ್ತು, ಹಾಕಿದರು. ಮ್ಯಾನ್‌ಹೋಲುಗಳು ಗಲ್ಲಿಯಲ್ಲೇ ಇವೆ, ಕೆಲವು ಯಾರದೋ ಸ್ಟೋರ್ ರೂಮಿನ ನೆಲದ ಕೆಳಗೆ. ಕಟ್ಟಿಕೊಂಡಾಗ ಬಿಡಿಸಲು ಜಲಮಂಡಳಿಯ ಜೆಟ್ಟಿಂಗ್ ಗಾಡಿ ಬರುತ್ತದೆ. ಅದು ಒಳಗೆ ನುಗ್ಗಲು ಜಾಗ ಬೇಕು. ಜಾಗ ಇಲ್ಲದಿದ್ದರೆ ಗಾಡಿ ಮೂಲೆಯಲ್ಲಿ ನಿಲ್ಲುತ್ತದೆ. ಆಮೇಲೆ ಮನೆಯವರು ಪಿಸುಮಾತಿನಲ್ಲಿ ಯಾರನ್ನೋ ಕರೆಸುತ್ತಾರೆ, ಸಾವಿರ ಎರಡು ಸಾವಿರಕ್ಕೆ ಮಾತಾಡುತ್ತಾರೆ, ಒಬ್ಬ ಹುಡುಗ ಅಂಗಿ ಬಿಚ್ಚಿ ಕೆಳಗೆ ಇಳಿಯುತ್ತಾನೆ. ಮ್ಯಾನ್‌ಹೋಲಿನೊಳಗೆ ಸತ್ತವರ ಮನೆಯವರಿಗೆ 30 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದೆ. ಆ ತೀರ್ಪು ಬರುವಷ್ಟು ಜನ ಸತ್ತಿದ್ದಾರೆ ಎಂದು ಅರ್ಥ. ಹಾಗೆ ಇಳಿಸುವುದು ಕಾನೂನಿನ ಪ್ರಕಾರ ಜೈಲಿಗೆ ಹೋಗುವ ಅಪರಾಧ. ಕರೆಸಿದ ಮನೆಯವರಿಗೂ ಅದು ತಪ್ಪಿದ್ದಲ್ಲ.

ಆದ್ದರಿಂದ ಈ ಮೂರು ಬಡಾವಣೆಗಳ ಹಳೇ ಮನೆಗಳಲ್ಲಿ ಇರುವವರಲ್ಲಿ, ಅವನ್ನು ಕೊಂಡವರಲ್ಲಿ, ಅವನ್ನು ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುತ್ತಿರುವವರಲ್ಲಿ ನನ್ನದೊಂದು ಕೋರಿಕೆ. ಹಿಂದೆ ಶೀಟು ಎಳೆದಿದ್ದರೆ, ಕೋಣೆ ಕಟ್ಟಿದ್ದರೆ, ಪಾಲಿಕೆಯ ನೋಟಿಸಿಗೆ ಕಾಯದೆ ನೀವೇ ತೆಗೆಸಿ. ಮ್ಯಾನ್‌ಹೋಲಿನ ಮುಚ್ಚಳ ಎಲ್ಲಿದೆ ಎಂದು ಮಳೆಗಾಲಕ್ಕೆ ಮುಂಚೆ ನೋಡಿಟ್ಟುಕೊಳ್ಳಿ. ಕಟ್ಟಿಕೊಂಡ ದಿನ ಜಲಮಂಡಳಿಗೆ ಫೋನ್ ಮಾಡಿ, ಗಾಡಿ ಬರುವ ತನಕ ಕಾಯಿರಿ, ಮನುಷ್ಯನನ್ನು ಇಳಿಸಬೇಡಿ.